ಹೊಸ ಬ್ರೇಕಿನ ಕಾರಿನಲ್ಲಿ ಔರಾದಕ್ಕೆ

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಏಳಕ್ಕೆ ಬೀದರಿನಲ್ಲಿ ಭಾಲ್ಕಿಯ ಬಸ್ ಹತ್ತಿದೆ. ಟಿಕೆಟ್ಟಿಗೆ ಐವತ್ತೈದು ರೂಪಾಯಿ. ಮಫ್ಲರ್ ಸುತ್ತಿಕೊಂಡಿದ್ದರೂ ಚಳಿ ಕಿವಿ ಹಿಂಡುತ್ತಿತ್ತು. ಭಾಲ್ಕಿಯ ಗ್ಯಾರೇಜಿನಲ್ಲಿ ನನ್ನ ಹಳೆಯ ಫಿಯಟ್ ಕಾರು ಹೊಸ ಬ್ರೇಕು ಹಾಕಿಸಿಕೊಂಡು ನಿಂತಿತ್ತು. ಅದನ್ನು ಔರಾದಕ್ಕೆ, ಅಣ್ಣನ ಮನೆಗೆ ಒಯ್ದು, ವೈನಿಯನ್ನು ಅದರಲ್ಲಿ ಒಮ್ಮೆ ಕೂರಿಸಬೇಕು. ನನ್ನ ಪ್ರಯಾಣದ ಉದ್ದೇಶ ಅಷ್ಟೇ. ವೈನಿ ಎಂದರೆ ನಮ್ಮ ಕಡೆ ಅಣ್ಣನ ಹೆಂಡತಿ. ಹನ್ನೊಂದು ವರ್ಷದಿಂದ ಅವರು ಆ ಕಾರಿನ ಹೆಸರೆತ್ತಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಔರಾದ ರಸ್ತೆಯ ಒಂದು ಸಣ್ಣ ಸೇತುವೆಯ ಗೋಡೆಗೆ ಆ ಕಾರು ಬಡಿದಿತ್ತು. ಓಡಿಸುತ್ತಿದ್ದವನು ನಾನು, ಎಡಗಡೆ ಕೂತಿದ್ದವರು ವೈನಿ. ಅವರ ಎಡಗೈ ಮೊಳಕೈಯಲ್ಲಿ ನುಚ್ಚುನೂರಾಯಿತು. ಮೂರು ಆಪರೇಷನ್ ಆದರೂ ಮಡಚಲು ಬರಲಿಲ್ಲ. ಔರಾದಿನ ಅರ್ಧ ಹೆಂಗಸರಿಗೆ ಕುಪ್ಪಸ ಹೊಲಿದುಕೊಡುತ್ತಿದ್ದವರು ಮಷಿನ್ನನ್ನು ಯಾರಿಗೋ ಕೊಟ್ಟುಬಿಟ್ಟರು. ಕಾರು ಅಂದಿನಿಂದ ನನ್ನ ಮನೆಯ ಹಿಂದೆ ನಿಂತೇ ಇತ್ತು. ಎಮ್ಮೆ ಅಡ್ಡ ಬಂತು ಎಂದು ನಾನು ಊರಿಗೆಲ್ಲ ಹೇಳಿದೆ. ಎಮ್ಮೆ ಬಂದದ್ದು ಸುಳ್ಳಲ್ಲ. ಹೇಳದೆ ಉಳಿಸಿಕೊಂಡದ್ದು ಬೇರೆ ಇತ್ತು.

ಹಲಬರ್ಗಾ ದಾಟುವಷ್ಟರಲ್ಲಿ ಬಿಸಿಲು ಬಂತು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಬಸ್ಸು ಭಾಲ್ಕಿ ಮುಟ್ಟಿದಾಗ ಎಂಟೂವರೆ. ನಿಲ್ದಾಣದ ಎದುರು ಒಂದು ಪ್ಲೇಟು ಪೋಹಾ ತಿಂದು ಚಹಾ ಕುಡಿದು ಗ್ಯಾರೇಜಿಗೆ ನಡೆದೆ. ಅದರ ಮಾಲೀಕ ರಶೀದ್ ಉಸ್ತಾದ್ ಅರವತ್ತು ದಾಟಿದ ಮನುಷ್ಯ. ಹೊಗಳಿಕೆ ಕೇಳಲು ಬಾನೆಟ್ ಎತ್ತಿಟ್ಟುಕೊಂಡೇ ಕೂತಿದ್ದ.

“ಮುಂದಿನ ಎರಡೂ ಗಾಲಿಗಿ ಡ್ರಮ್ ತೆಗ್ದು ಡಿಸ್ಕ್ ಕೂಡ್ಸೀನ್ರಿ ಸರ್. ಗುಜರಿ ಗಾಡೀದು ಡಿಸ್ಕ್, ಅದನ್ನ ಹಿಡಿಯೋ ಪಟ್ಟಿ ಮಾತ್ರ ಲೇತ್‌ನಾಗ ಹೊಸಾದು ಮಾಡ್ಸೀನಿ. ಮ್ಯಾಲ ಬೂಸ್ಟರ್, ಹಗೂರ ಒತ್ತಿದ್ರೂ ಸಾಕು. ಆಯಿಲ್ ಲೈನ್ ಎರಡ ಅವ, ಒಂದು ಕೈ ಕೊಟ್ರ ಇನ್ನೊಂದು ಹಿಡೀತದ. ಈಗ ನಿಮ್ಮ ಗಾಡಿ ಮಾತ್ ಕೇಳ್ತದ್ರಿ.”

ಆಮೇಲೆ ಮೂಲೆಯಿಂದ ಒಂದು ಗೇಣುದ್ದದ ಹಳೆಯ ಪೈಪಿನ ತುಂಡು ತಂದು ನನ್ನ ಕೈಗಿಟ್ಟ. ತುದಿಯನ್ನು ಮಡಚಿ, ಸುತ್ತಿಗೆಯಿಂದ ಚಪ್ಪಟೆಯಾಗಿ ಬಡಿದಿದ್ದರು.

“ಬಲಗಡಿ ಮುಂದಿನ ಗಾಲೀದು ಇದು. ಆಯಿಲ್ ಹೋಗಬಾರ್ದಂತ ಬಂದ್ ಮಾಡ್ಯಾರ. ಮೂರ ಗಾಲಿ ಬ್ರೇಕಿನ ಮ್ಯಾಲ ಓಡ್ಯದ ಗಾಡಿ. ಒತ್ತಿದ್ರ ಎಡಕ್ಕ ಎಳೀತದಲ್ರಿ! ಯಾವ ನಾಲಾಯಕ್ ಮಾಡ್ಸ್ಯಾನ್ರಿ ಇದು?”

“ಗೊತ್ತಿಲ್ಲ” ಎಂದೆ.

ಆ ನಾಲಾಯಕ್ ನಾನೇ. ಚಕ್ರದ ಬ್ರೇಕ್ ಸಿಲಿಂಡರ್ ಸೋರಿ, ಹೊಸ ಸಾಮಾನು ಸಿಗದಿದ್ದರೆ ಆ ಚಕ್ರದ ಪೈಪನ್ನೇ ಬಡಿದು ಮುಚ್ಚಿ ಕಳಿಸುವುದು ನಮ್ಮ ಕಡೆಯ ಮಿಸ್ತ್ರಿಗಳ ರೂಢಿ. ಮನೆ ಮುಟ್ಟುವ ಮಟ್ಟಿಗೆ ಎಂದೇ ಹೇಳಿ ಕಳಿಸುತ್ತಾರೆ. ಹನ್ನೊಂದು ವರ್ಷದ ಹಿಂದೆ ಬೀದರಿನ ಮಿಸ್ತ್ರಿಯೂ ಹಾಗೇ ಹೇಳಿದ್ದ. ಸಾಮಾನು ಹೈದರಾಬಾದಿನಿಂದ ಬರಲು ಎರಡು ದಿನ ಬೇಕಿತ್ತು. ನನಗೆ ಔರಾದಿನ ನೆಂಟರ ಮುಂದೆ ಕಾರಿನಿಂದ ಇಳಿಯಬೇಕಿತ್ತು. ಒಂದು ದಿನದ ಮಾತು ಒಂದು ತಿಂಗಳಾಯಿತು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ ಮಾಸ್ತರ ನಾನು, ಘರ್ಷಣೆಯ ಪಾಠವನ್ನು ನಿದ್ದೆಯಲ್ಲೂ ಹೇಳಬಲ್ಲೆ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ.

ಹತ್ತಕ್ಕೆ ಭಾಲ್ಕಿ ಬಿಟ್ಟೆ. ಔರಾದಕ್ಕೆ ಐವತ್ತು ಕಿಲೋಮೀಟರಿನ ಆಸುಪಾಸು. ಇಕ್ಕೆಲದ ಹೊಲಗಳಲ್ಲಿ ತೊಗರಿ ಒಣಗುತ್ತ ನಿಂತಿತ್ತು. ಒಂದು ತಿರುವಿನಲ್ಲಿ ಮುಂದಿದ್ದ ಟ್ರ್ಯಾಕ್ಟರು ಸೂಚನೆಯಿಲ್ಲದೆ ನಿಂತುಬಿಟ್ಟಿತು. ಬ್ರೇಕ್ ಒತ್ತಿದೆ. ಕಾರು ಅತ್ತ ಇತ್ತ ಮಿಸುಕದೆ, ನೆಟ್ಟಗೆ, ಕಬ್ಬಿನ ತುದಿಗೆ ಎರಡು ಮಾರು ಇರುವಂತೆ ನಿಂತಿತು. ಎರಡು ದಿನ ತಡೆದಿದ್ದರೆ ಆ ಕೈ ಉಳಿಯುತ್ತಿತ್ತು.

ಔರಾದಿನಲ್ಲಿ ಅಣ್ಣ ಗೇಟಿನಲ್ಲೇ ಕಾಯುತ್ತಿದ್ದ. ಕಾರಿಗೆ ಎರಡು ಸುತ್ತು ಹಾಕಿ, “ಬಾಬ್ಯಾ, ಮುದುಕಿ ಮದುಮಗಳಾಗಿ ಬಂದಾಳಲ್ಲೋ!” ಎಂದು ನಕ್ಕ. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ವೈನಿ ಬಲಗೈಯಿಂದಲೇ ಬಡಿಸಿದರು. ಉಂಡಾದ ಮೇಲೆ ಅಣ್ಣ ಅವರಿಗೆ ಹೇಳಿದ: “ತಮ್ಮ ಇಷ್ಟು ಆಸೆಪಟ್ಟು ತಂದಾನ. ಒಂದು ರೌಂಡ್ ಹೋಗಿ ಬಾ.”

ನನ್ನ ಲೆಕ್ಕದಲ್ಲಿ ಅವರು ಒಲ್ಲೆ ಎನ್ನಬೇಕಿತ್ತು. ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದರು. ಬಂದು ಎಡಗಡೆಯ ಬಾಗಿಲಿಗೆ ಕೈಹಚ್ಚಿದರು. ಅಷ್ಟಾದ ಮೇಲೆ ಸುಮ್ಮನೆ ಓಡಿಸಿಕೊಂಡು ಹೋಗಲು ನನ್ನಿಂದಾಗಲಿಲ್ಲ. ಪೈಪು, ಮಿಸ್ತ್ರಿ, ಒಂದು ತಿಂಗಳು, ಎಲ್ಲವನ್ನೂ ಅಲ್ಲೇ ನಿಂತು ಹೇಳಿಬಿಟ್ಟೆ.

“ಅಂದ್ರ ನಿನಗ ಗೊತ್ತಿತ್ತು” ಎಂದ ಅಣ್ಣ.

“ಗೊತ್ತಿತ್ತು.”

ಅಣ್ಣ ಒಳಗೆ ಹೋಗಿ ನನ್ನ ಚೀಲ, ಮಫ್ಲರ್ ತಂದು ಬಾನೆಟ್ ಮೇಲಿಟ್ಟ. ಬಾಗಿಲಿನಿಂದ ಕೈ ತೆಗೆಯದೆ ವೈನಿ ಮೆಲ್ಲಗೆ ಅಂದರು:

“ನನಗೂ ಗೊತ್ತಿತ್ತು, ಬಾಬು. ಅವತ್ತು ಹೊರಡೋ ಮುಂದ ನೀನೇ ಅಂದಿದ್ದಿ, ಒಂದು ಗಾಲಿ ಬ್ರೇಕ್ ಬಂದ್ ಮಾಡ್ಸೀನಿ, ಜರಾ ಎಡಕ್ಕ ಎಳೀತದ, ಹೆದರಬ್ಯಾಡ್ರಿ ವೈನಿ ಅಂತ. ಮರ್ತೀ?”

ಮರೆತಿದ್ದೆ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನೆನಪಾಗಿರಲಿಲ್ಲ.

“ಇವರ ಮುಂದ ಒಂದಿನಾನೂ ಬಾಯಿ ಬಿಟ್ಟಿಲ್ಲ ನಾ. ಕೈಯಂತೂ ಹೋತು, ಅಣ್ಣ-ತಮ್ಮ ಆದ್ರೂ ಕೂಡಿ ಉಣ್ಲಿ ಅಂತ. ಇವತ್ತು ನೀ ನಿನ್ನ ಭಾರ ಇಳಿಸ್ಕೊಂಡಿ. ನಾ ಇಷ್ಟು ವರ್ಷ ಹೊತ್ತಿದ್ದು ಏನಾತು?”

ಅಣ್ಣ ಅವರ ಕಡೆ ತಿರುಗಿದ. ನನ್ನನ್ನು ನೋಡಿದ್ದಕ್ಕಿಂತ ಕೆಟ್ಟದಾಗಿ ನೋಡಿದ. “ನೀನೂ ಏನು?” ಎಂದಷ್ಟೇ ಕೇಳಿ ಒಳಗೆ ನಡೆದ.

“ಹೋಗು” ಎಂದರು ವೈನಿ. “ಅವ್ರು ಕರೆಯೋತನಕ ಬರಬ್ಯಾಡ.”

ಮೂರು ಗಂಟೆಗೆ ಔರಾದ ಬಿಟ್ಟೆ. ರಸ್ತೆಗೆ ಹೊರಳುವಾಗ ಕನ್ನಡಿಯಲ್ಲಿ ನೋಡಿದೆ. ವೈನಿ ಕಬ್ಬಿಣದ ಗೇಟನ್ನು ಬಲಗೈಯಿಂದ ಎಳೆದು ತಂದರು. ಅದರ ಚಿಲಕಕ್ಕೆ ಎರಡು ಕೈ ಬೇಕು. ಗೇಟನ್ನು ಮೊಣಕಾಲಿನಿಂದ ಒತ್ತಿ ಹಿಡಿದು ಚಿಲಕ ಜಗ್ಗಿದರು, ಜಾರಿತು, ಮತ್ತೆ ಜಗ್ಗಿದರು. ಇಷ್ಟು ವರ್ಷ ಅದನ್ನು ಹಾಕಿಕೊಡುತ್ತಿದ್ದವನು ಅಣ್ಣ. ರಸ್ತೆ ತಿರುಗಿ ಮನೆ ಮರೆಯಾಗುವವರೆಗೂ ಅವನು ಹೊರಗೆ ಬರಲಿಲ್ಲ.