ಮೊದಲು ಹತ್ತಬೇಕು, ಆಮೇಲೆ ಆರಬೇಕು

ನವಿ ಮುಂಬಯಿಯ ಸಾನಪಾಡಾದ ರಸ್ತೆಗಳಲ್ಲಿ ಇನ್ನೂ ಹಾಲಿನ ಗಾಡಿಗಳದೇ ಓಡಾಟ. ಉಡುಪಿ ಹೋಟೆಲೊಂದರ ಹಿತ್ತಿಲಲ್ಲಿ, ತಗಡಿನ ಮಾಡಿನ ಕೆಳಗೆ, ತಾರಾನಾಥ ಒಂದು ಬಿಳಿ ಕಾರಿನ ಬ್ಯಾಟರಿಯ ವೈರು ಬಿಚ್ಚಿ ಬದಿಗೆ ಸರಿಸಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದಾರೆ. ಕೈಯಲ್ಲಿ ಪಾನಾ, ಸ್ಕ್ರೂಡ್ರೈವರ್ ಏನೂ ಇಲ್ಲ. ಕಾರಿನ ಯಜಮಾನರು ಮಾತ್ರ ಶತಪಥ ಹಾಕುತ್ತಿದ್ದಾರೆ. "ಅಹೋ, ಸುರೂ ಕರಾ ನಾ" ಎಂದು ಮರಾಠಿಯಲ್ಲಿ ಅವಸರ ಮಾಡುತ್ತಾರೆ. ಹೋಟೆಲಿನಿಂದ ಬಂದ ಚಹಾದ ಒಂದು ಗ್ಲಾಸನ್ನು ತಾರಾನಾಥ ಯಜಮಾನರ ಕೈಗೆ ದಾಟಿಸುತ್ತಾರೆ. ಚಹಾ ಮುಗಿಯುವವರೆಗೆ ಕೆಲಸ ಶುರುವಾಗುವುದಿಲ್ಲ.

ಇದು ಸೋಮಾರಿತನವಲ್ಲ. ಕಾರಿನ ಮೀಟರಿನಲ್ಲಿ ಏರ್‌ಬ್ಯಾಗಿನ ಕೆಂಪು ದೀಪ ಆರದೆ ಉಳಿದಿದ್ದರೆ, ಅದರ ಹಳದಿ ವೈರಿಗೆ ಕೈ ಹಾಕುವ ಮೊದಲು ಬ್ಯಾಟರಿ ಬಿಚ್ಚಿ ಕಾಯಲೇಬೇಕು. ಒಳಗೆ ಕರೆಂಟು ಸ್ವಲ್ಪ ಹೊತ್ತು ಉಳಿದಿರುತ್ತದೆ. "ಕಾಯದೆ ಕೈ ಹಾಕಿದ್ರೆ ಬ್ಯಾಗು ಮುಖಕ್ಕೇ ಬಂದು ಬಡೀತದೆ. ಬಡಿಸಿಕೊಂಡವರನ್ನು ನೋಡಿದ್ದೇನೆ, ಮೂಗು ಮೊದಲಿನ ಹಾಗಿಲ್ಲ" ಎನ್ನುತ್ತಾರೆ ತಾರಾನಾಥ. ಹೇಳುವಾಗ ಕೈ ತಾನಾಗಿ ಸ್ವಂತ ಮೂಗಿನ ಕಡೆ ಹೋಗುತ್ತದೆ.

ಊರು ಕಾರ್ಕಳದ ಕಡೆಯ ಬೈಲೂರು. ಮುಂಬಯಿಗೆ ಬಂದದ್ದು ಎಲ್ಲರ ಹಾಗೆ ಹೋಟೆಲಿಗೇ. ಗ್ಲಾಸು ತೊಳೆಯುತ್ತ ರಾತ್ರಿ ಶಾಲೆ ಕಲಿತರು. ಆಮೇಲೆ ಠಾಣೆಯ ಗ್ಯಾರೇಜೊಂದರಲ್ಲಿ ಹಾರ್ನು, ಹೆಡ್‌ಲೈಟಿನ ಕೆಲಸ. ಏರ್‌ಬ್ಯಾಗಿನ ಕಾರುಗಳು ಹೆಚ್ಚತೊಡಗಿದಾಗ ಉಳಿದ ಎಲೆಕ್ಟ್ರಿಷಿಯನ್ನರು ಹಳದಿ ವೈರು ಕಂಡರೆ ದೂರ ನಿಲ್ಲುತ್ತಿದ್ದರು. ಹಾಗೆ ದೂರ ನಿಂತವರ ಕೆಲಸವೆಲ್ಲ ಇವರ ಪಾಲಿಗೆ ಬಂತು. ಮನೆ ಠಾಣೆಯಾಚೆಯ ದಿವಾದಲ್ಲಿ. ಹೆಂಡತಿ ಜಯಲತಾ ಕಟ್ಟಿಕೊಟ್ಟ ಡಬ್ಬ ಹಿಡಿದು, ಕತ್ತಲಿರುವಾಗಲೇ ಲೋಕಲ್ ರೈಲಿನಲ್ಲಿ ತೂರಿಕೊಂಡು, ಠಾಣೆಯಲ್ಲಿ ಗಾಡಿ ಬದಲಿಸಿ ಬರುತ್ತಾರೆ. ದಿನಕ್ಕೆ ನಾಲ್ಕೈದು ಕಾರು. ಕೆಂಪು ದೀಪದ ಕಾಯಿಲೆಯವು ಅದರಲ್ಲಿ ಒಂದೋ ಎರಡೋ.

ಜೂನ್ ಬಂತೆಂದರೆ ಆ ಲೆಕ್ಕ ತಪ್ಪುತ್ತದೆ. ಮೇ ರಜೆಗೆ ಊರಿಗೆ ಹೋದ ನಮ್ಮವರ ಕಾರುಗಳು ಅರ್ಧ ಮನೆಯನ್ನೇ ಹೊತ್ತು ತರುತ್ತವೆ. ಡಿಕ್ಕಿಯಲ್ಲಿ ಕುಚಲಕ್ಕಿ, ಸೀಟಿನಡಿ ತೆಂಗಿನಕಾಯಿ, ಕಾಲಡಿ ಹಪ್ಪಳದ ಕಟ್ಟು. ಘಾಟಿಯ ತಿರುವಿನಲ್ಲಿ ಕಾಯಿ ಉರುಳಿ, ಸೀಟಿನಡಿಯಲ್ಲೇ ಇರುವ ಹಳದಿ ವೈರಿನ ಕನೆಕ್ಟರಿಗೆ ಗುದ್ದುತ್ತದೆ, ದೀಪ ಹೊತ್ತುತ್ತದೆ. "ಗಾಡಿಗೆ ಕಂಪ್ಯೂಟರ್ ಹಚ್ಚಿ ನೋಡೂ ಮೊದ್ಲು ಕೇಳ್ತೇನೆ, ಊರಿಂದ ಎಂತ ತಂದ್ರಿ ಅಂತ. ಅರ್ಧ ರೋಗ ಅಲ್ಲೇ ಗೊತ್ತಾಗ್ತದೆ."

2014ರ ಜೂನ್‌ನಲ್ಲಿ ಹಾಗೆ ದೀಪ ಹೊತ್ತಿಕೊಂಡು ಬಂದದ್ದು ಹೋಟೆಲಿನ ಮಾಲೀಕ ಸರ್ವೋತ್ತಮ ಶೆಟ್ಟರ ಕಾರು. ತಾರಾನಾಥರಿಗೆ ಹಿತ್ತಿಲಿನ ಜಾಗ ಕೊಟ್ಟವರು, ದಿನಾ ಬೆಳಿಗ್ಗೆ ಚಹಾ ಕಳಿಸುವವರು ಅವರೇ. ಸೀಟಿನಡಿ ತಲೆ ಹಾಕಿದ ಕೂಡಲೇ ತಾರಾನಾಥರಿಗೆ ಉಪ್ಪುನೀರಿನ ಮಾವಿನಕಾಯಿಯ ವಾಸನೆ ಹೊಡೆಯಿತು. ಡಬ್ಬ ಸೋರಿ ಕನೆಕ್ಟರಿನ ಪಿನ್ನುಗಳು ಹಸಿರುಗಟ್ಟಿದ್ದವು. ಬೇರೆಯದನ್ನು ಹುಡುಕಿ ತರಲು ಎರಡು ದಿನವಾದರೂ ಬೇಕಿತ್ತು.

ಶೆಟ್ಟರಿಗೆ ಎರಡು ಗಂಟೆಯ ಪುರುಸೊತ್ತೂ ಇರಲಿಲ್ಲ. ಕಾರನ್ನು ಮಾರಲು ಮಾತಾಗಿತ್ತು, ಕೊಳ್ಳುವವರು ದಾರಿಯಲ್ಲಿದ್ದರು. "ಮೀಟರಿನ ಹಿಂದಿನ ಬಲ್ಬ್ ಕಿತ್ತು ಬಿಡು ಮಾರಾಯ. ದೀಪವೇ ಇಲ್ಲದಿದ್ರೆ ಯಾರು ಕೇಳ್ತಾರೆ?" ಎಂದರು.

"ಅದೊಂದು ನನ್ನಿಂದ ಆಗೂದಿಲ್ಲ ಅಣ್ಣ" ಎಂದರು ತಾರಾನಾಥ.

ಅಷ್ಟರಲ್ಲಿ ಠಾಣೆಯ ವರ್ತಕ ನಗರದಿಂದ ಕಾರು ಕೊಳ್ಳಲು ನಂಜುಂಡ ಬಂದರು. ಮೈಸೂರಿನವರು, ಫೈನಾನ್ಸ್ ಕಂಪನಿಯ ನೌಕರಿ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಶೆಟ್ಟರನ್ನು ಬಿಟ್ಟು ನೇರ ಮೆಕ್ಯಾನಿಕ್ಕಿನ ಬಳಿ ಬಂದರು. "ಸಾರ್, ನೀವೇ ಹೇಳ್ಬಿಡಿ. ಗಾಡಿ ಹೆಂಗಿದೆ?"

ಶೆಟ್ಟರು ಎದುರಿಗೇ ನಿಂತು ನೋಡುತ್ತಿದ್ದರು. ತಲೆಯ ಮೇಲಿನ ತಗಡು ಅವರದು, ಕಾಲ ಕೆಳಗಿನ ಸಿಮೆಂಟು ಅವರದು. ಇಲ್ಲಿಂದ ಎದ್ದರೆ ನವಿ ಮುಂಬಯಿಯಲ್ಲಿ ಇನ್ನೊಂದು ನೆರಳು ಸಿಗುವುದು ಸುಲಭವಿಲ್ಲ. ಆ ಗಳಿಗೆಯಲ್ಲಿ ಹೆದರಿಕೆಯಾಯಿತು ಎಂದು ತಾರಾನಾಥ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

"ಗಾಡಿ ಒಳ್ಳೇದುಂಟು. ಆದ್ರೆ ಇವತ್ತು ಕೊಂಡುಹೋಗ್ಬೇಡಿ" ಎಂದರು.

ನಂಜುಂಡ ಬರಿಗೈಯಲ್ಲಿ ಹೊರಟರು. "ನಾಳೆಯಿಂದ ಬೇರೆ ಜಾಗ ನೋಡಿಕೋ" ಎಂದು ಶೆಟ್ಟರು ಒಳಗೆ ನಡೆದರು. ತಾರಾನಾಥ ಕನೆಕ್ಟರು ತಂದು ಹಾಕಿದರು. ನಂಜುಂಡ ಮುಂದಿನ ಭಾನುವಾರ ಬಂದು ಅದೇ ಕಾರನ್ನು ಕೊಂಡೂ ಕೊಂಡರು. ಶೆಟ್ಟರ ಸಿಟ್ಟು ಮಾತ್ರ ಇಳಿಯಲಿಲ್ಲ. ಹೊರಗೆ ಹಾಕಲಿಲ್ಲ, ಇರು ಎಂದೂ ಹೇಳಲಿಲ್ಲ. ಬೆಳಗಿನ ಚಹಾ ನಿಂತಿತು. ಆ ಮಳೆಗಾಲವಿಡೀ ತಾರಾನಾಥ ದಿನಾ ಸಂಜೆ ಹತಾರಗಳನ್ನೆಲ್ಲ ಚೀಲಕ್ಕೆ ತುಂಬಿಯೇ ಮನೆಗೆ ಹೊರಡುತ್ತಿದ್ದರು. ನಾಳೆ ಬೀಗ ಕಂಡರೆ ಏನು ಗತಿ ಎಂಬ ಅಂಜಿಕೆ. "ಹೋಟೆಲಿಂದ ಚಾದ ವಾಸನೆ ಬರ್ತಿತ್ತು. ಚಾ ಬರ್ತಿರಲಿಲ್ಲ" ಎಂದು ಈಗ ನಗುತ್ತಾರೆ.

ದಸರಾ ಹತ್ತಿರವಾದಾಗ ಶೆಟ್ಟರ ಫೋನು ಬಂತು. ಮಗಳು ನಿಶ್ಮಿತಾಳಿಗೆ ಕೆಲಸಕ್ಕೆ ಹೋಗಿಬರಲು ಸೆಕೆಂಡ್ ಹ್ಯಾಂಡ್ ಕಾರು ನೋಡಿದ್ದರು, ಕಲ್ಯಾಣದಲ್ಲಿ. "ನೀನೊಮ್ಮೆ ನೋಡದೆ ನಾನು ತೆಗೊಳ್ಳುವುದಿಲ್ಲ" ಎಂದರಂತೆ. ಇಷ್ಟು ತಿಂಗಳಲ್ಲಿ ಅದೇ ಮೊದಲ ಮಾತು.

ಕಲ್ಯಾಣದಲ್ಲಿ ಆ ಕಾರು ಕನ್ನಡಿಯಂತೆ ಹೊಳೆಯುತ್ತಿತ್ತು. ತಾರಾನಾಥ ಬಾನೆಟ್ ಎತ್ತಲಿಲ್ಲ. ಶೆಟ್ಟರನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿ, ಕೀ ತಿರುಗಿಸಿ ಮೀಟರು ನೋಡಿ ಎಂದರು. ಏರ್‌ಬ್ಯಾಗ್ ಸರಿಯಿದ್ದರೆ ಕೀ ತಿರುಗಿಸಿದಾಗ ಕೆಂಪು ದೀಪ ಮೊದಲು ಹತ್ತಬೇಕು, ಆಮೇಲೆ ಆರಬೇಕು. ಉಳಿದ ದೀಪಗಳೆಲ್ಲ ಹತ್ತಿದವು. ಅದೊಂದು ಹತ್ತಲೇ ಇಲ್ಲ.

ಅದರ ಬಲ್ಬನ್ನು ಯಾರೋ ಕಿತ್ತಿದ್ದರು. ಶೆಟ್ಟರು ಇನ್ನೊಮ್ಮೆ ಕೀ ತಿರುಗಿಸಿ ನೋಡಿದರು. ಕೀಯನ್ನು ಮಾರುವವನ ಕೈಗೆ ಕೊಟ್ಟು ಕೆಳಗಿಳಿದು, "ಬಾ, ಹೋಗುವ" ಎಂದರು. ಮರುದಿನ ಬೆಳಿಗ್ಗೆ ಚಹಾ ಬಂತು, ಎರಡು ಗ್ಲಾಸು. ಎರಡನ್ನೂ ತಂದವರು ಶೆಟ್ಟರೇ. ಒಂದನ್ನು ಕೊಟ್ಟು, ಇನ್ನೊಂದನ್ನು ಅಲ್ಲೇ ನಿಂತು ಕುಡಿದು ಹೋದರು. ಆ ಸಂಜೆ ತಾರಾನಾಥ ಹತಾರದ ಚೀಲವನ್ನು ಹಿತ್ತಿಲಲ್ಲೇ ಬಿಟ್ಟು ಮನೆಗೆ ಹೋದರು.

ಇವತ್ತಿನ ಬಿಳಿ ಕಾರಿನ ಕೆಲಸ ಮುಗಿಯುತ್ತದೆ. ಯಜಮಾನರು ಕೀ ತಿರುಗಿಸುತ್ತಾರೆ, ತಾರಾನಾಥ ಕಿಟಕಿಯಿಂದ ಬಗ್ಗಿ ನೋಡುತ್ತಾರೆ. ದೀಪ ಹತ್ತುತ್ತದೆ, ಆರುತ್ತದೆ. ಕಾರು ಪಾಮ್ ಬೀಚ್ ರಸ್ತೆಯ ಕಡೆ ಹೊರಳುತ್ತದೆ. ಆಸೆ ಏನಾದರೂ ಉಂಟೇ ಎಂದರೆ ತಾರಾನಾಥ ಕೈಯ ಮಸಿ ಒರೆಸಿಕೊಳ್ಳುತ್ತಾರೆ.

"ನಾನು ಸರಿ ಮಾಡಿದ್ದು ಸರಿ ಉಂಟಾ ಅಂತ ಗೊತ್ತಾಗಬೇಕಾದ್ರೆ ಯಾರಾದ್ರೂ ಎಲ್ಲಾದ್ರೂ ಗಾಡಿ ಗುದ್ದಬೇಕಲ್ಲ? ಅದು ನನಗೆ ಗೊತ್ತಾಗೂದೇ ಬೇಡ."