ಗೂಡಿನ ಗಡಿಗೆಯ ಬೀಜ

ನಮ್ಮ ಅಜ್ಜಿ ಏನನ್ನೂ ಚೆಲ್ಲುವವಳಲ್ಲ. ಖಾರ ಕುಟ್ಟುವಾಗ ಉದುರಿದ ಮೆಣಸಿನ ಬೀಜವನ್ನೆಲ್ಲ ಗೋಡೆಯ ಗೂಡಿನ ಗಡಿಗೆಗೆ ತುಂಬಿಡುತ್ತಿದ್ದಳು. ಬೇಕಾದಾಗ ಹುರಿದು, ಬೆಳ್ಳುಳ್ಳಿ ಹಾಕಿ ಕುಟ್ಟಿದರೆ ರೊಟ್ಟಿಗೆ ಚಟ್ನಿಯಾಯಿತು. ಅಪ್ಪ ಅವ್ವ ಗದಗಿನಲ್ಲಿದ್ದರು. ಎಂಟು ವರ್ಷದ ಹುಡುಗಿ ನಾನು ಶಿರಹಟ್ಟಿಯಲ್ಲಿ ಅಜ್ಜಿ, ಕಾಕಾರ ಹತ್ತಿರ ಇದ್ದೆ. ಹಮ್ಮಿಗಿಯಿಂದ ಸೊಸೆಯಾಗಿ ಬಂದ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಮೊದಲ ಸಲ ಒಬ್ಬಳೇ ಅಡುಗೆ ಮಾಡಿದ ದಿನ ಬಡಿಸಿದ್ದೂ ಅದೇ ಚಟ್ನಿ.

ಉಂಡ ಸ್ವಲ್ಪ ಹೊತ್ತಿಗೆ ನನ್ನ ಬಾಯಿ ಒಣಗಿತು. ಕಾಕಾ ಗೋಡೆಯ ಜೊತೆ ಎತ್ತಿನ ವ್ಯಾಪಾರಕ್ಕೆ ಕುಳಿತ. ಅಜ್ಜಿ ಗಾಳಿಯಲ್ಲಿ ಇಲ್ಲದ ದಾರ ಎಳೆಯುತ್ತಿದ್ದಳು. ನೆಟ್ಟಗಿದ್ದವಳು ಚಿಗವ್ವ ಒಬ್ಬಳೇ. ಎಲ್ಲರೂ ಉಂಡ ಮೇಲೆ ಸೊಸೆ ಉಣ್ಣಬೇಕೆಂಬುದು ಅಜ್ಜಿಯದೇ ಕಟ್ಟಳೆ. ಇನ್ನೂ ತಟ್ಟೆಗೆ ಕೈಹಾಕಿರದ ಆಕೆ ನೆರೆಯವರನ್ನು ಕೂಗಿ, ನಮ್ಮನ್ನು ಚಕ್ಕಡಿಗೆ ಹತ್ತಿಸಿ, ಸರಕಾರಿ ದವಾಖಾನೆಗೆ ಒಯ್ದಳು.

ಎರಡು ದಿನಕ್ಕೆ ಎಲ್ಲರೂ ಸುಧಾರಿಸಿದೆವು. ಅಜ್ಜಿಗೆ ಎಚ್ಚರ ಬಂದದ್ದೇ ತಡ, ಬಾಯಿ ಶುರುವಾಯಿತು.

"ತಾ ಯಾಕ ಉಣಲಿಲ್ಲ? ಮದ್ದು ಹಾಕ್ಯಾಳ. ತವರಿಗೆ ಬಿಟ್ಟ ಬಾ ಇಕಿನ್ನ."

ಕಾಕಾ ನೆಲ ನೋಡುತ್ತ ಕುಳಿತ. ಅವನ ಮೇಲಿನ ಆ ಸಿಟ್ಟು ನನಗೆ ಇವತ್ತಿಗೂ ಇದೆ. ತಡೆದವರು ಡಾಕ್ಟರು. ಉಳಿದ ಚಟ್ನಿಯನ್ನೂ ಗಡಿಗೆಯ ಒಂದು ಹಿಡಿ ಬೀಜವನ್ನೂ ಸೀಸೆಗಳಿಗೆ ತುಂಬಿ ಅರಗಿನ ಮುದ್ರೆ ಒತ್ತಿದರು. ಮುಂಬಯಿಯಲ್ಲಿ ವಿಷಗಳನ್ನೇ ಅಭ್ಯಾಸ ಮಾಡುವ ಸರಕಾರಿ ಸಂಸ್ಥೆಯೊಂದಿದೆ ಎಂದು ನಾವು ಕೇಳಿದ್ದು ಆಗಲೇ.

"ಅಲ್ಲಿಂದ ಉತ್ತರ ಬರೂತನಕ ಆಕಿನ್ನ ಎಲ್ಲೂ ಕಳಸಬ್ಯಾಡ್ರಿ, ಅಮ್ಮಾರ," ಎಂದರು.

ಉತ್ತರಕ್ಕೆ ತಿಂಗಳುಗಳೇ ಹಿಡಿದವು. ಚಿಗವ್ವ ಸಗಣಿ ಬಾಚಿದಳು, ಬಟ್ಟೆ ಒಗೆದಳು. ಒಲೆಯ ಹತ್ತಿರ ಮಾತ್ರ ಅಜ್ಜಿ ಸುಳಿಯಗೊಡಲಿಲ್ಲ. ನಾನು ಕದ್ದು ಆಕೆಯ ಕೈಯಿಂದ ಶೇಂಗಾ ಇಸಿದುಕೊಂಡು ತಿನ್ನುತ್ತಿದ್ದೆ. "ನಿನಗ ಅಂಜಿಕಿ ಬರೂದಿಲ್ಲೇನ?" ಎಂದು ಕೇಳಿ ಅಳುತ್ತಿದ್ದಳು. ಅಷ್ಟರಲ್ಲಿ ಏಕೀಕರಣವಾಯಿತು, ಶಾಲೆಯಲ್ಲಿ ಪೇಢೆ ಹಂಚಿದರು. ಮುಂಬಯಿ ರಾಜ್ಯದಲ್ಲಿದ್ದು ಕೇಳಿದ ಪ್ರಶ್ನೆಗೆ ಮೈಸೂರು ರಾಜ್ಯಕ್ಕೆ ಯಾರು ಉತ್ತರ ಕಳಿಸುತ್ತಾರೆ ಎಂದು ಅಜ್ಜಿ ಮೂಗು ಮುರಿದಳು. ಆದರೆ ಅವರು ನಮ್ಮನ್ನು ಪರರಾಜ್ಯದವರೆಂದು ಕೈಬಿಡಲಿಲ್ಲ. ಲಕೋಟೆ ಬಂತು.

ಡಾಕ್ಟರು ಮನೆಗೇ ಬಂದು ಓದಿ ಹೇಳಿದರು. ಚಟ್ನಿಯಲ್ಲಿ ವಿಷ ಇದ್ದದ್ದು ಖರೆ.

"ನಾ ಹೇಳಿದ್ನಿಲ್ಲ?" ಎಂದಳು ಅಜ್ಜಿ. ಚಿಗವ್ವ ಕಂಬ ಹಿಡಿದು ನಿಂತಳು.

ಕಾಗದ ಅಲ್ಲಿಗೆ ಮುಗಿದಿರಲಿಲ್ಲ. ಬರೆದ ಪುಣ್ಯಾತ್ಮರು ಬೀಜಗಳನ್ನು ಒಂದೊಂದಾಗಿ ಆರಿಸಿ, ಕೆಳಗೆ ಎರಡು ಚಿತ್ರ ಬಿಡಿಸಿದ್ದರು: ಹಳದಿಯದು ಮೆಣಸಿನ ಬೀಜ, ಕಂದು ಬಣ್ಣದ, ಕಿವಿಯಾಕಾರದ ದಪ್ಪನೆಯದು ದತ್ತೂರಿ, ಅಂದರೆ ನಮ್ಮ ಕಡೆಯ ಮದಗುಣಕಿ. ಚಟ್ನಿ ಕುಟ್ಟುವ ಮುಂಚೆ, ಗಡಿಗೆಯಲ್ಲೇ ಇವು ಬೆರೆತಿವೆ; ಮನೆಯಲ್ಲಿ ಯಾರಾದರೂ ದತ್ತೂರಿ ಬೀಜ ಒಣಗಿಸಿದ್ದರೇ ಕೇಳಿ ನೋಡಿ, ಎಂದಿದ್ದರು. ಆರಿಸಿದ ಬೀಜದ ಪೊಟ್ಟಣವೂ ಜೊತೆಗಿತ್ತು.

ಅಜ್ಜಿ ಅವನ್ನು ಅಂಗೈಗೆ ಸುರುವಿಕೊಂಡು ಕಣ್ಣ ಹತ್ತಿರ ಹಿಡಿದಳು.

"ಇವು ನನ್ನ ಮದಗುಣಕಿ ಬೀಜ. ಮೊಣಕಾಲಿಗೆ ಎಣ್ಣಿ ಕಾಸಾಕ ಮಾಳಗಿ ಮ್ಯಾಲ ಒಣಗಸಿದ್ದೆ. ಆಮ್ಯಾಲ ಸಿಗಲಿಲ್ಲ, ಇಲಿ ತಿಂದ್ವು ಅಂತ ಬೈದೆ. ಕಣ್ಣು ಕಾಣಲಾರದ ನಾನ ಗಡಿಗಿಗೆ ಸುರವೇನಿ."

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇದೊಂದಕ್ಕೆ ಅಜ್ಜಿಗೆ ಕೈ ಮುಗಿಯುತ್ತೇನೆ. ಮುಂಬಯಿಯ ಆ ಕಾಗದದ ಸಹಿಯನ್ನು ಡಾಕ್ಟರಿಗೂ ಓದಲಾಗಲಿಲ್ಲ. ವಿಷ ಇದೆ ಎಂದಷ್ಟೇ ಬರೆದು ಕೈತೊಳೆದುಕೊಳ್ಳಬಹುದಿತ್ತು ಅವರು. ನಮ್ಮ ಮನೆಯನ್ನು ನೋಡಿಯೇ ಇರದವರು ನಮ್ಮ ಸೊಸೆಯನ್ನು ಉಳಿಸಿಕೊಟ್ಟರು. ಅವರ ಋಣ ನನ್ನ ಮೇಲಿದೆ.

ಆ ಮಧ್ಯಾಹ್ನ ಚಿಗವ್ವ ಒಲೆ ಹೊತ್ತಿಸಿದಳು. ಅಜ್ಜಿ ತಟ್ಟೆ ಹಾಕಿ, "ಕುಂಡ್ರು, ಮೊದಲ ನೀ ಉಣ್ಣು," ಎಂದಳು. ಚಿಗವ್ವನ ಮುಖ ಬಿಳಿಚಿತು, ಪರೀಕ್ಷೆ ಎಂದುಕೊಂಡಿರಬೇಕು. ಅಜ್ಜಿಗೆ ಅದು ತಿಳಿಯಿತು. ಸೊಸೆಯ ತಟ್ಟೆಯಿಂದಲೇ ರೊಟ್ಟಿ ಮುರಿದು, ಚಟ್ನಿ ಹಚ್ಚಿ ಬಾಯಿಗೆ ಹಾಕಿಕೊಂಡಳು.

"ಕೂಡೇ ಉಣ್ಣೂಣು," ಎಂದಳು.

ಅಂದಿನಿಂದ ನಮ್ಮ ಮನೆಯಲ್ಲಿ ಸೊಸೆ ಕೊನೆಗೆ ಉಣ್ಣಲಿಲ್ಲ.