ಹದಿನಾಲ್ಕನೇ ಹಾಳೆ

ಕಥೆ ಕವಿತೆಗಳನ್ನು ಸವಿಯುವ ಬಗೆಯನ್ನು ಕಲಿಸಿದ ಅಧ್ಯಾಪಕರು ನಮ್ಮಲ್ಲಿ ಅನೇಕರಿದ್ದಾರೆ. ಅವುಗಳನ್ನು ಅನುಮಾನಿಸುವ ಬಗೆಯನ್ನು ಕಲಿಸಿ, ಆ ಅನುಮಾನದಿಂದಲೇ ಓದಿನ ರುಚಿಯನ್ನು ಹತ್ತಿಸಿದವರು ಈ ಅಭಿನಂದನ ಸಂಪುಟದ ಗೌರವಕ್ಕೆ ಪಾತ್ರರಾಗಿರುವ ನಮ್ಮ ಮೇಷ್ಟರೊಬ್ಬರೇ. ಮೂವತ್ತಮೂರು ವರ್ಷಗಳ ಕಾಲ ಒಂದೇ ಕಾಲೇಜಿನಲ್ಲಿ, ಒಂದೇ ಮಹಡಿಯ ಮೂಲೆಯ ಕೊಠಡಿಯಲ್ಲಿ, ನಿರೂಪಕ ಎಂದರೆ ಯಾರು, ಉಪಮೆ ಏನನ್ನು ಮುಚ್ಚಿಡುತ್ತದೆ, ಕಥೆ ಎಲ್ಲಿ ಬೇಕೆಂದೇ ಬಾಯಿ ಮುಚ್ಚಿಕೊಳ್ಳುತ್ತದೆ ಎಂಬುದನ್ನು ಪಾಠ ಹೇಳಿದ ಈ ಹಿರಿಯರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು 'ಅನುಮಾನದ ಮೇಷ್ಟ್ರು'. ಆ ಹೆಸರು ಅವರ ಕಿವಿಗೆ ಬಿದ್ದಿತ್ತು. ಯಾರು ಇಟ್ಟದ್ದು, ಯಾವ ವರ್ಷ, ಯಾಕೆ ಎಂದು ಅವರು ವಿಚಾರಿಸಿದ್ದೂ ಉಂಟು.

ಇಂಥ ಲೇಖನಗಳಲ್ಲಿ 'ನಾನು' ಎಂದು ಬರೆಯುವುದು ವಾಡಿಕೆ. ಆದರೆ 'ನಾನು' ಎಂದು ಶುರುವಾದ ಯಾವ ಬರಹವನ್ನೂ ಮೇಷ್ಟರು ಸುಮ್ಮನೆ ಬಿಟ್ಟವರಲ್ಲ. ಆದ್ದರಿಂದ ಅವರ ಹಳೆಯ ಶಿಷ್ಯೆಯೂ ಈಗಿನ ಸಹೋದ್ಯೋಗಿಯೂ ಆದ ಇದರ ಬರಹಗಾರ್ತಿ ಇಲ್ಲಿ ಬರೀ 'ಕಿರಿಯವಳು'. ವಿಭಾಗದಲ್ಲಿ ಎಲ್ಲರೂ ಆಕೆಯನ್ನು ಕರೆಯುವುದೂ ಹಾಗೆಯೇ.

ಮೇಷ್ಟರ ಪಾಠಕ್ರಮ ವಿಚಿತ್ರವಾಗಿತ್ತು. ಪಠ್ಯಪುಸ್ತಕವನ್ನು ಅವರು ಮುಟ್ಟುತ್ತಿದ್ದದ್ದು ಪರೀಕ್ಷೆ ಹತ್ತಿರ ಬಂದಾಗ ಮಾತ್ರ. ಉಳಿದ ದಿನಗಳಲ್ಲಿ ಅವರ ಕೈಯಲ್ಲಿ ಇರುತ್ತಿದ್ದದ್ದು ಹಾಳೆಗಳು. ಒಂದೊಂದು ಹಾಳೆಯಲ್ಲಿ ಒಂದು ಚಿಕ್ಕ ಕಥೆ ಅಥವಾ ಒಂದು ಕವಿತೆ. ಮೇಲೆ ಒಂದು ಸಂಖ್ಯೆ. ಬರೆದವರ ಹೆಸರಿಲ್ಲ, ಕಾಲವಿಲ್ಲ, ಊರಿಲ್ಲ. ಹೆಸರು ಕಂಡರೆ ಹುಡುಗರು ಕೈಮುಗಿದುಬಿಡುತ್ತಾರೆ, ಕೈಮುಗಿದ ಮೇಲೆ ಓದು ಮುಗಿಯಿತು ಎಂಬುದು ಅವರ ವಾದ. ವರ್ಷಕ್ಕೆ ಇಪ್ಪತ್ತೆರಡು ಹಾಳೆ. ಎಲ್ಲವನ್ನೂ ತಮ್ಮ ಹಳೆಯ ಟೈಪ್‌ರೈಟರಿನಲ್ಲಿ ತಾವೇ ಕುಟ್ಟುತ್ತಿದ್ದರು. ಕಂಪ್ಯೂಟರು ಬಂದ ಮೇಲೂ ಅದನ್ನು ಬಿಡಲಿಲ್ಲವಾದ್ದರಿಂದ ಯಾವ ಹಾಳೆ ಹಳೆಯದು, ಯಾವುದು ನಿನ್ನೆಯದು ಎಂದು ನೋಡಿ ಹೇಳುವಂತಿರಲಿಲ್ಲ.

ಕವಿತೆಯಲ್ಲಿ ದೀಪ ಬಂದ ಕೂಡಲೇ ಯಾರಾದರೂ 'ಜ್ಞಾನದ ಸಂಕೇತ' ಎಂದರೆ ಮೇಷ್ಟರ ಮುಖ ಹುಳ್ಳಗಾಗುತ್ತಿತ್ತು. "ಮೊದ್ಲು ಅದಕ್ಕೆ ಎಣ್ಣೆ ಹಾಕಿದ್ದು ಯಾರು ಅಂತ ಕೇಳಿ. ಜ್ಞಾನ ಆಮೇಲೆ ನೋಡೋಣ" ಎನ್ನುತ್ತಿದ್ದರು. ಅವರ ಶ್ರೀಮತಿಯವರು ಒಮ್ಮೆ ವಿಭಾಗಕ್ಕೆ ಬಂದಾಗ, "ಮನೇಲೂ ಹೀಗೇ ಕಣಮ್ಮ. ಊಟ ಆಯ್ತಾ ಅಂದ್ರೆ, ಈ ಪ್ರಶ್ನೆ ಈಗ್ಯಾಕೆ ಬಂತು ಅಂತಾರೆ" ಎಂದು ಕಿರಿಯವಳ ಹತ್ತಿರ ಹೇಳಿಕೊಂಡಿದ್ದರು.

ಕಿರಿಯವಳು ಅವರ ವಿದ್ಯಾರ್ಥಿನಿಯಾದದ್ದು ಹನ್ನೆರಡು ವರ್ಷಗಳ ಹಿಂದೆ, ತನ್ನ ಹದಿನೇಳನೆಯ ವಯಸ್ಸಿನಲ್ಲಿ. ಆ ವರ್ಷವೇ ಆಕೆಯ ತಂದೆ ತೀರಿಕೊಂಡರು. ಅದಾದ ಮೇಲೆ ಆಕೆಗೆ ಪುಸ್ತಕ ತೆರೆಯಲಾಗುತ್ತಿರಲಿಲ್ಲ. ಕಿರುಪರೀಕ್ಷೆಯಲ್ಲಿ ಖಾಲಿ ಕಾಗದ ಕೊಟ್ಟು ಬಂದಳು. ಮರುದಿನ ಮೇಷ್ಟರು ಆಕೆಯನ್ನು ಕರೆಸಿ, ಕೊಠಡಿಯಲ್ಲಿದ್ದ ಇಬ್ಬರನ್ನು ಏನೋ ನೆಪ ಹೇಳಿ ಹೊರಗೆ ಕಳಿಸಿ, ಎದುರಿನ ಕುರ್ಚಿಯಲ್ಲಿ ಕೂರಿಸಿದರು. ಅಲ್ಲಿ ಆಕೆ ತಾಯಿಗೂ ಹೇಳದ ಮಾತನ್ನು ಹೇಳಿದಳು. ಅಪ್ಪ ಒಳಗಿನಿಂದ ಕರೆದಾಗ ಆಕೆ ಮೆಟ್ಟಿಲ ಮೇಲೆ ಕೂತು ಕಾದಂಬರಿ ಓದುತ್ತಿದ್ದಳು. ಅಧ್ಯಾಯ ಮುಗಿಸಿ ಹೋದರಾಯಿತು ಎಂದುಕೊಂಡಳು. ಮುಗಿಸಿ ಹೋದಾಗ ಅಪ್ಪ ಇರಲಿಲ್ಲ.

ಮೇಷ್ಟರು ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. "ಓದಕ್ಕಾಗಲ್ಲ ಅಂದ್ರೆ ಬೇಡ. ಕೇಳಿಸ್ಕೋ. ನಾನು ಓದ್ತೀನಿ" ಎಂದರು. ಅಂದಿನಿಂದ ವರ್ಷ ಮುಗಿಯುವವರೆಗೂ ಪ್ರತಿಯೊಂದು ಹಾಳೆಯನ್ನೂ ಇಡೀ ತರಗತಿಗೆ ತಾವೇ ಗಟ್ಟಿಯಾಗಿ ಓದಿದರು. ಯಾಕೆ ಸಾರ್ ಎಂದು ಹುಡುಗರು ಕೇಳಿದಾಗ, "ಕನ್ನಡಕ ಹೊಸದು, ಕಣ್ಣಿಗೆ ಅಭ್ಯಾಸ ಆಗ್ಬೇಕು" ಎಂದು ಸುಳ್ಳು ಹೇಳಿದರು. ಆ ದನಿಯ ಬೆನ್ನು ಹಿಡಿದು ಕಿರಿಯವಳು ಮತ್ತೆ ಓದಿಗೆ ಮರಳಿದಳು, ಅದೇ ವಿಷಯದಲ್ಲಿ ಪದವಿಗಳನ್ನು ಪಡೆದಳು, ಐದು ವರ್ಷಗಳ ಹಿಂದೆ ಅದೇ ವಿಭಾಗಕ್ಕೆ ಅಧ್ಯಾಪಕಿಯಾಗಿ ಬಂದಳು.

ಬಂದ ಎರಡನೆಯ ವರ್ಷ, ಹಿರಿಯರ ಪಾಠಕ್ರಮವನ್ನು ಗಮನಿಸಲೆಂದು ಒಂದು ದಿನ ಮೊದಲೇ ತಿಳಿಸದೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಹದಿನಾಲ್ಕನೇ ಹಾಳೆ ಕೈಗೆ ಬಂತು. ಅದರ ಆರಂಭ ಹೀಗಿತ್ತು: 'ಅಮ್ಮ ಕರೆದದ್ದು ನನಗೆ ಕೇಳಿಸಲೇ ಇಲ್ಲ. ಕಿಟಕಿಯ ಬಳಿ ಕೂತು ಕಥೆಪುಸ್ತಕ ಓದುತ್ತಿದ್ದೆ. ಮೂರು ಸಲ ಕರೆದಳು, ಮೂರನೆಯ ಸಲ ಬಹಳ ಮೆತ್ತಗೆ.' ಕಥೆಯ ಕೊನೆಯಲ್ಲಿ ಅಧ್ಯಾಯ ಮುಗಿಯುತ್ತದೆ, ಅಮ್ಮನೂ ಇರುವುದಿಲ್ಲ.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಇವಳು ಸುಳ್ಳು ಹೇಳ್ತಿದ್ದಾಳೆ ಸಾರ್. ಕೇಳಿಸ್ಲೇ ಇಲ್ಲ ಅಂದ್ರೆ ಮೂರು ಸಲ ಅಂತ ಹೇಗೆ ಗೊತ್ತು?"

"ಮೆತ್ತಗೆ ಕರೆದಿದ್ದೂ ಗೊತ್ತು" ಎಂದ ಪಕ್ಕದವನು. "ಕೂತು ಎಣಿಸಿದ್ದಾಳೆ."

ಮೇಷ್ಟರು "ಸರಿ, ಮುಂದೆ" ಎಂದರು. ಹಿಂದಿನ ಬೆಂಚಿನಲ್ಲಿ ಕಿರಿಯವಳ ಕಿವಿಯವರೆಗೂ ಬೆಂಕಿ ಹತ್ತಿತು. ತನ್ನ ಎದೆಯ ಮಾತನ್ನು ಈ ಮನುಷ್ಯ ಟೈಪು ಮಾಡಿ, ಸಂಖ್ಯೆ ಹಾಕಿ, ನಲವತ್ತು ಜನರ ಕೈಗೆ ಹಂಚಿದ್ದಾರೆ!

ಅಪ್ಪ ಅಲ್ಲಿ ಅಮ್ಮನಾಗಿದ್ದ, ಮೆಟ್ಟಿಲು ಕಿಟಕಿಯಾಗಿತ್ತು, ಕಾದಂಬರಿ ಕಥೆಪುಸ್ತಕವಾಗಿತ್ತು. ಬೇರೆ ಯಾರಾದರೂ ಇಷ್ಟು ವ್ಯತ್ಯಾಸ ಕಂಡಿದ್ದರೆ, ಇದು ನನ್ನ ಕಥೆಯಲ್ಲ ಎಂದು ಮನೆಗೆ ಹೋಗಿ ಮಲಗುತ್ತಿದ್ದರು. ಆದರೆ ಕಿರಿಯವಳು ಮೇಷ್ಟರ ಶಿಷ್ಯೆ. ಬದುಕನ್ನು ಕದಿಯುವ ಕಥೆಗಾರ ಮೊದಲು ಬದಲಿಸುವುದು ಅಪ್ಪ ಅಮ್ಮಂದಿರನ್ನೇ ಎಂದು ಅವರೇ ಪಾಠ ಹೇಳಿದ್ದರು. ಹಾಗಾಗಿ ಹೋಲಿಕೆಗಳು ಒಂದು ಸಾಕ್ಷಿಯಾದರೆ, ವ್ಯತ್ಯಾಸಗಳು ಅದಕ್ಕಿಂತ ದೊಡ್ಡ ಸಾಕ್ಷಿಯಾದವು. ಮನೆಗೆ ಹೋಗಿ ತನ್ನ ವಿದ್ಯಾರ್ಥಿ ದಿನಗಳ ಕಡತವನ್ನು ಕೆದಕಿದಳು. ಅದರಲ್ಲಿ ಹದಿನಾಲ್ಕನೇ ಹಾಳೆ ಒಂದು ಕವಿತೆ, ಕೆರೆಯ ಮೇಲಿನದು. ಅಂದರೆ ತಾನು ಹೊರಟುಹೋದ ಮೇಲೆ ಕೆರೆಯನ್ನು ಕಿತ್ತು ತನ್ನನ್ನು ಅಲ್ಲಿ ಇಟ್ಟಿದ್ದಾರೆ ಎಂಬುದು ಖಾತ್ರಿಯಾಯಿತು.

ಅಲ್ಲಿಂದ ಮೂರು ವರ್ಷ ಆಕೆ ಮೇಷ್ಟರ ಪ್ರತಿಯೊಂದು ನಡೆಯನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಚಹಾ ತರಿಸಿಕೊಟ್ಟರೆ, ಬಾಯಿ ಬಿಡಿಸಲು ಎಂದುಕೊಂಡಳು. ತಾಯಿ ಹೇಗಿದ್ದಾರೆ ಎಂದು ಕೇಳಿದರೆ, ಇನ್ನೊಂದು ಹಾಳೆಗೆ ಸರಕು ಬೇಕಾಗಿದೆ ಎಂದುಕೊಂಡಳು. ಸಂಶೋಧನೆಗೆ ರಜೆ ಕೊಡಿಸಲು ಅವರು ಪ್ರಾಂಶುಪಾಲರ ಕೊಠಡಿಗೆ ನಾಲ್ಕು ಸಲ ಅಲೆದದ್ದು ಪಶ್ಚಾತ್ತಾಪದಿಂದ ಎಂದು ತೀರ್ಮಾನಿಸಿದಳು. ಯಾರಿಗೂ ಹೇಳಲಿಲ್ಲ, ಹೇಳಬೇಕಾದರೆ ತನ್ನ ಗುಟ್ಟನ್ನೇ ಹೇಳಬೇಕಿತ್ತು. ತನ್ನನ್ನು ಮನುಷ್ಯಳನ್ನಾಗಿ ಮಾಡಿದ ಒಬ್ಬರನ್ನು ಒಳಗೊಳಗೇ ಕಳ್ಳ ಎಂದು ಕರೆಯುತ್ತಾ ಬದುಕುವುದು ಸುಖದ ಕೆಲಸವಲ್ಲ. ಆ ಮೂರು ವರ್ಷ ಆಕೆ ಸರಿಯಾಗಿ ನಕ್ಕದ್ದಿಲ್ಲ.

ಮೇಷ್ಟರ ನಿವೃತ್ತಿ ಬಂತು, ಅಭಿನಂದನ ಸಮಿತಿ ಸೇರಿತು, ಮೊದಲ ಲೇಖನವನ್ನು ಪ್ರಿಯ ಶಿಷ್ಯೆಯೇ ಬರೆಯಬೇಕೆಂದು ಎಲ್ಲರೂ ಒಮ್ಮತದಿಂದ ಹೇಳಿದರು. ಆಕೆ ಒಪ್ಪಿಕೊಂಡಳು, ಮತ್ತು ಬರೆದಳು. ಹೊರಗೆ ಹೊಗಳಿಕೆ, ಒಳಗೆ ಸೂಜಿ. ನಂಬಿ ಹೇಳಿದ ಶಿಷ್ಯರ ನೋವನ್ನು ಪಾಠದ ಸಾಮಗ್ರಿ ಮಾಡಿಕೊಳ್ಳುವ ಹಕ್ಕು ಗುರುವಿಗೆ ಇದೆಯೇ ಎಂಬ ಪ್ರಶ್ನೆಯಿಂದ ಆ ಲೇಖನ ಮುಗಿಯುತ್ತಿತ್ತು. ಇಡೀ ಸಭೆಯ ಮುಂದೆ, ಅವರ ಕೈಗೇ ಕೊಡುವ ಪುಸ್ತಕದಲ್ಲಿ, ಅವರ ಹೆಸರು ಕೆಡುವ ಹಾಗೆ ಅದು ಅಚ್ಚಾಗಬೇಕಿತ್ತು.

ಅಷ್ಟರಲ್ಲಿ ಸಮಿತಿಯವರು ಇಪ್ಪತ್ತೆರಡು ಹಾಳೆಗಳನ್ನೂ ಅನುಬಂಧವಾಗಿ ಸೇರಿಸಲು, ಒಂದೊಂದನ್ನೂ ಮೊದಲು ಪಾಠ ಮಾಡಿದ ವರ್ಷವನ್ನು ನಮೂದಿಸಲು ತೀರ್ಮಾನಿಸಿದರು. ಆ ಕೆಲಸವನ್ನೂ ಆಕೆ ಕೇಳಿ ತೆಗೆದುಕೊಂಡಳು. ಲೇಖನಕ್ಕೆ ಬೇಕಾದ ಕೊನೆಯ ಸಾಕ್ಷಿ ಸಿಗುತ್ತದಲ್ಲ. ವಿಭಾಗದ ಕಬ್ಬಿಣದ ಬೀರುವಿನಲ್ಲಿ ಮೇಷ್ಟರ ಪಾಠದ ದಿನಚರಿಗಳು, ವರ್ಷಕ್ಕೊಂದರಂತೆ, ದಾರ ಕಟ್ಟಿ ಇಟ್ಟಿದ್ದವು. ಎಲ್ಲಕ್ಕಿಂತ ಕೆಳಗಿದ್ದ ಮೊದಲ ವರ್ಷದ್ದನ್ನು ಬಿಚ್ಚಿದಳು. 'ಹಾಳೆ ೧೪. ಅಮ್ಮ ಕರೆದದ್ದು. ನಿರೂಪಕನನ್ನು ನಂಬಬಹುದೇ? ಇಡೀ ತರಗತಿ: ನಂಬಲಾಗದು.'

ಮೂವತ್ತಮೂರು ವರ್ಷಗಳ ಹಿಂದೆ ಕಿರಿಯವಳು ಹುಟ್ಟಿಯೇ ಇರಲಿಲ್ಲ.

ಎರಡನೆಯ ವರ್ಷವೂ ಅದೇ ಹಾಳೆ, ಅದೇ ತೀರ್ಪು. ಮೂರನೆಯ ವರ್ಷವೂ. ಒಂದೊಂದೇ ದಿನಚರಿ ತೆರೆಯುತ್ತಾ ತನ್ನ ವರ್ಷಕ್ಕೆ ಬಂದಳು. ಅಲ್ಲಿ ಮಾತ್ರ ಹೀಗಿತ್ತು: 'ಹಾಳೆ ೧೪ ಈ ವರ್ಷ ಬೇಡ. ಆ ಹುಡುಗಿ ಇದ್ದಾಳೆ. ಬದಲಿಗೆ ಕೆರೆಯ ಕವಿತೆ.' ಆಕೆ ಬೀರುವಿನ ಮುಂದೆ ನೆಲದ ಮೇಲೆಯೇ ಕೂತುಬಿಟ್ಟಳು. ಅಟೆಂಡರು ಬಂದು, "ಏನಮ್ಮಾ, ಧೂಳು ಕಣ್ಣಿಗೆ ಹೋಯ್ತಾ" ಎಂದು ಕೇಳಿದರು. ಹೌದು ಎಂದಳು.

ಆ ಮಧ್ಯಾಹ್ನ ಮೇಷ್ಟರು ಮೂಲೆಯ ಕೊಠಡಿಯಲ್ಲಿ ಮೇಜಿನ ಖಾನೆಗಳನ್ನು ಖಾಲಿ ಮಾಡುತ್ತಿದ್ದರು. ಕಿರಿಯವಳು ಎದುರಿನ ಕುರ್ಚಿಯಲ್ಲಿ ಕೂತು, ತಾನು ಅನುಮಾನಿಸಿದ್ದನ್ನು, ಬರೆದದ್ದನ್ನು, ಅದನ್ನು ಈಗಷ್ಟೇ ಹರಿದು ಹಾಕಿದ್ದನ್ನು ಒಂದೂ ಬಿಡದೆ ಹೇಳಿದಳು. ಅವರು ಕೋಪ ಮಾಡಿಕೊಳ್ಳಲಿಲ್ಲ. ಅಪ್ಪ ಅಮ್ಮನಾದದ್ದನ್ನು ಸಾಕ್ಷಿ ಎಂದುಕೊಂಡೆ ಎಂದಾಗ, ಪ್ರಬಂಧ ತಿದ್ದುವವರ ಹಾಗೆ, "ಪರವಾಗಿಲ್ಲ, ಚೆನ್ನಾಗಿ ಓದಿದ್ದೀಯ" ಎಂದರು.

"ಅದು ನಿಮ್ಮದೇ ಕಥೆ ಅಲ್ವಾ ಸರ್? ಮೂವತ್ತೆರಡು ಸಲ ಯಾಕೆ ಕೊಟ್ರಿ? ಪ್ರತಿ ಸಲವೂ ಸುಳ್ಳುಗಾರ ಅಂತಾನೇ ಅನ್ನಿಸ್ಕೊಂಡ್ರಲ್ಲ."

ಅವರು ಖಾನೆ ಮುಚ್ಚಿದರು. "ಒಬ್ರಾದ್ರೂ 'ಪಾಪ' ಅಂತಾರೇನೋ ಅಂತ ನೋಡ್ತಿದ್ದೆ ಕಣಮ್ಮ. ಯಾರೂ ಅನ್ಲಿಲ್ಲ. ಅವರ ತಪ್ಪಲ್ಲ, ನಾನು ಕಲಿಸಿದ್ದೇ ಹಾಗೆ."

ಕಿರಿಯವಳಿಗೆ ಆಗ, ಆ ಹಾಳೆಯ ಬಗ್ಗೆ ಯಾವ ತರಗತಿಯೂ ಕೇಳದೇ ಬಿಟ್ಟಿದ್ದ ಒಂದು ಪ್ರಶ್ನೆ ಹೊಳೆಯಿತು. "ಅಮ್ಮ ಕರೆದಾಗ ನಿಮಗೆ ಎಷ್ಟು ವರ್ಷ ಸರ್?"

"ಹನ್ನೊಂದು."

"ಹನ್ನೊಂದು ವರ್ಷದ ಮಗು" ಎಂದಳು ಆಕೆ, ಮತ್ತು ಮೂವತ್ತಮೂರು ವರ್ಷಗಳಲ್ಲಿ ಯಾರೂ ಹೇಳದ ಆ ಎರಡಕ್ಷರವನ್ನೂ ಹೇಳಿದಳು. ಮೇಷ್ಟರು ಕನ್ನಡಕ ತೆಗೆದು, ಒರೆಸದೆ, ಕೈಯಲ್ಲೇ ಹಿಡಿದುಕೊಂಡರು. ಆಮೇಲೆ ಮೆಲ್ಲಗೆ, "ನೀನೂ ಅಷ್ಟೇ ಕಣಮ್ಮ, ಚಿಕ್ಕವಳು" ಎಂದರು.

ಬರುವ ವರ್ಷದಿಂದ ಹದಿನಾಲ್ಕನೇ ಹಾಳೆಯನ್ನು ಕಿರಿಯವಳು ಪಾಠ ಮಾಡಲಿದ್ದಾಳೆ. ಹಿಂದಿನ ಬೆಂಚಿನಲ್ಲಿ ಬಂದು ಕೂರಿ ಎಂದು ಕರೆದದ್ದಕ್ಕೆ ಮೇಷ್ಟರು ಒಪ್ಪಲಿಲ್ಲ. "ನಾನು ಬರಲ್ಲ. ಹುಡುಗರಲ್ಲಿ ಯಾರಾದ್ರೂ ಪಾಪ ಅಂದ್ರೆ, ಮನೆಗೆ ಬಂದು ಹೇಳು" ಎಂದಿದ್ದಾರೆ. ಅನುಮಾನದಲ್ಲಿ ಚೆನ್ನಾಗಿ ಪಳಗಿರುವ ನಮ್ಮ ವಿದ್ಯಾರ್ಥಿಗಳ ಬಾಯಲ್ಲಿ ಆ ಮಾತು ಬರುವುದು ಬೇಗನೆ ಆಗುವ ಕೆಲಸವಲ್ಲ. ಐದು ವರ್ಷ ಹಿಡಿಯಬಹುದು, ಇಪ್ಪತ್ತು ವರ್ಷವೂ ಹಿಡಿಯಬಹುದು. ಅಲ್ಲಿಯವರೆಗೆ ಅವರ ಟೈಪ್‌ರೈಟರು ಸದ್ದು ಮಾಡುತ್ತಿರಲಿ, ಶ್ರೀಮತಿಯವರೊಡನೆ ಅವರು ಆರೋಗ್ಯದಿಂದಿರಲಿ, ಮತ್ತು ಕಿರಿಯವಳು ಎಂದಾದರೊಂದು ದಿನ ಓಡಿಹೋಗಿ ಬಾಗಿಲು ತಟ್ಟಿದಾಗ ಅದನ್ನು ತೆರೆಯಲು ಮೇಷ್ಟರೇ ಎದ್ದು ಬರಲಿ.